ಉರುವಿನ ಮುಖವಲ್ಲ, ಬೆನ್ನು ನೋಡಿ

ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ಉಡುಪಿ ಸೀಮೆಯಲ್ಲಿ ದೈವಗಳ ಹಳೆಯ ಮರದ ಉರುಗಳು (ಮೂರ್ತಿಗಳು) ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದು ಹೊಸದೇನಲ್ಲ. ಅದನ್ನು ಕಂಡ ಕೂಡಲೇ ಒದ್ದೆ ಬಟ್ಟೆಯಿಂದ ಒರೆಸುವುದೇ ಮೊದಲ ತಪ್ಪು. ಬೂಷ್ಟಿನ ಬೀಜಕಣಗಳು ಬಣ್ಣದ ಬಿರುಕಿನೊಳಗೆ ಇಳಿಯುತ್ತವೆ, ಜೊತೆಗೆ ಕುಡಿಯಲು ನೀರೂ ಸಿಕ್ಕಂತಾಯಿತು.

ಮೇಲೆ ಕಾಣುವ ಬಿಳಿ, ಹಸಿರು ಬೂಷ್ಟು (ಆಸ್ಪರ್ಜಿಲಸ್, ಪೆನಿಸಿಲಿಯಂ) ಮರವನ್ನು ಕೊಳೆಸುವುದಿಲ್ಲ. ಬಣ್ಣದ ಅಂಟು, ದೂಳು, ದೀಪದೆಣ್ಣೆಯ ಜಿಡ್ಡು ಅದರ ಊಟ. ಗಾಳಿಯ ತೇವಾಂಶ ಶೇ 70 ದಾಟಿ ಕೆಲವು ದಿನ ನಿಂತರೆ ಸಾಕು. ಅಂಟು ಮುಗಿದ ಕಡೆ ಬಣ್ಣ ಪುಡಿಯಾಗಿ ಉದುರುತ್ತದೆ. ಕಪ್ಪು ಕಲೆ ಇಳಿದಿದ್ದರೆ ಅದು ಹೋಗುವುದು ಕಷ್ಟ.

ಮರವನ್ನೇ ತಿನ್ನುವ ಶಿಲೀಂಧ್ರದ ದಾರಿ ಬೇರೆ. ಅದಕ್ಕೆ ಮರದೊಳಗಿನ ನೀರು ಹೆಚ್ಚುಕಡಿಮೆ ಶೇ 28–30 ಇರಬೇಕು. ಗಾಳಿಯ ತೇವಾಂಶ ಶೇ 90 ಇದ್ದರೂ ಮರ ಶೇ 20ರ ಆಸುಪಾಸಿಗೆ ನಿಲ್ಲುತ್ತದೆ. ಹಾಗಾಗಿ ಉರು ಕುಂಬಾಗಿದೆ (ಕೊಳೆತು ಮೆತ್ತಗಾಗಿದೆ) ಎಂದರೆ ಹಂಚಿನ ಸೋರಿಕೆಯನ್ನೋ ನೆಲದ ಒರತೆಯನ್ನೋ ಹುಡುಕಿ. ಪಾದದಲ್ಲಿ ನಾರಿನ ತುದಿಗಳು ತೆರೆದಿರುವುದರಿಂದ ನೀರು ಏರುವುದು ಅಲ್ಲಿಂದಲೇ. ಈ ಶಿಲೀಂಧ್ರಗಳಲ್ಲಿ ‘ಕಂದು ಕೊಳೆ’ ಎಂಬ ಬಗೆ ಮರದ ನಾರಿನ ಸೆಲ್ಯುಲೋಸ್ ತಿಂದು ಮರವನ್ನು ಚೌಕಚೌಕವಾಗಿ ಬಿರಿಯಿಸುತ್ತದೆ. ‘ಬಿಳಿ ಕೊಳೆ’ ನಾರನ್ನು ಬಿಗಿದಿಡುವ ಲಿಗ್ನಿನ್ನನ್ನೂ ತಿಂದು ನಾರುನಾರಾಗಿಸುತ್ತದೆ. ಎದುರಿನ ಬಣ್ಣ ಮಾತ್ರ ಹಪ್ಪಳದಂತೆ ನಿಂತಿರುತ್ತದೆ, ಒತ್ತಿದರೆ ಬೆರಳು ಒಳಗೆ.

ಆದ್ದರಿಂದ ಪರೀಕ್ಷೆ ಬೆನ್ನಿನಿಂದ, ಅಡಿಯಿಂದ. ತೇವಮಾಪಕದ ಮೊಳೆಯನ್ನು ಬಣ್ಣವಿಲ್ಲದ ಮರಕ್ಕೆ ಮಾತ್ರ ಚುಚ್ಚಿ. ಶೇ 20 ದಾಟಿದ್ದರೆ ಮೊದಲು ನೀರು ನಿಲ್ಲಿಸಿ, ನೆರಳಲ್ಲಿ ವಾರಗಟ್ಟಲೆ ನಿಧಾನ ಒಣಗಿಸಿ. ಬಿಸಿಲಿಗಿಟ್ಟರೆ ಮರ ಕುಗ್ಗುತ್ತದೆ, ಬಣ್ಣ ಕುಗ್ಗುವುದಿಲ್ಲ; ಎದ್ದು ಬರುತ್ತದೆ.

ಬೂಷ್ಟು ಪೂರ್ತಿ ಒಣಗಿದ ಮೇಲೆ ಎನ್‌95 ಮುಖಗವಸು ಹಾಕಿ, ಮೆತ್ತನೆ ಕುಂಚದಿಂದ ಹೆಪಾ ಫಿಲ್ಟರ್ (ಸೂಕ್ಷ್ಮ ಕಣಗಳನ್ನೂ ಹಿಡಿಯುವ ಸೋಸುಕ) ಇರುವ ವ್ಯಾಕ್ಯೂಮ್‌ನ ಬಾಯಿಯತ್ತ ಗುಡಿಸಿ. ಆ ಕೊಳವೆಯ ಬಾಯಿಗೆ ತೆಳು ಬಲೆ ಕಟ್ಟಿರಲಿ. ಬಣ್ಣ ಏಳುತ್ತಿದ್ದರೆ ಕುಂಚವೂ ಬೇಡ, ಸಂರಕ್ಷಣಾ ತಜ್ಞರು ಮೊದಲು ಅದನ್ನು ಅಂಟಿಸಬೇಕು. ಉಳಿದ ಬೂಷ್ಟನ್ನು ಕೊಲ್ಲಲು ಶೇ 70ರ ಎಥನಾಲ್ (ಮದ್ಯಸಾರ) ಬರಿಮರಕ್ಕೆ ಸರಿ. ಅರಗಿನ ಲೇಪವಿದ್ದರೆ ಅದನ್ನೇ ಕರಗಿಸುತ್ತದೆ. ಕುಂಬಾದ ಮರಕ್ಕೆ ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳದ ದ್ರಾವಣವನ್ನು ಶೇ 5ರಿಂದ ಆರಂಭಿಸಿ ಇಂಗಿಸುತ್ತಾರೆ. ಅದು ಗಟ್ಟಿ ಮಾಡುತ್ತದಷ್ಟೆ, ಶಿಲೀಂಧ್ರವನ್ನು ಕೊಲ್ಲುವುದಿಲ್ಲ.

ಜಾತ್ರೆ ಬಂತೆಂದು ಎನಾಮೆಲ್ ಪೇಂಟ್ ಹೊಡೆಸುವವರಿಗಿಂತ ಬೂಷ್ಟೇ ವಾಸಿ. ಆ ಪದರ ತೇವವನ್ನು ಒಳಗೇ ಕೂಡಿಹಾಕುತ್ತದೆ. ಮರಳಿ ಇಡುವಾಗ ನೆಲದಿಂದಲೂ ಗೋಡೆಯಿಂದಲೂ ನಾಲ್ಕು ಬೆರಳು ಅಂತರವಿರಲಿ, ಪ್ಲಾಸ್ಟಿಕ್ ಹೊದಿಕೆ ಬೇಡ.