ದೂರದ ಗಂಡು ತಂದರೂ ಕುಳ್ಳ ಮರಿ ಯಾಕೆ?

ಮಿನಿಯೇಚರ್ ಕುದುರೆಯ ಮರಿ ಹುಟ್ಟಿ ಎರಡು ಗಂಟೆಯಾಗಿತ್ತು. ಹಣೆ ಉಬ್ಬಿತ್ತು, ಕೆಳದವಡೆ ಮುಂದೆ ಚಾಚಿತ್ತು, ಮೂಗಿನ ಹೊಳ್ಳೆಗಳು ತೀರಾ ಮೇಲಿದ್ದವು. ಏಳಲು ಹೋದರೆ ಮುಂಗಾಲು ಮಡಚಿಕೊಳ್ಳುತ್ತಿತ್ತು.

"ಈ ಸಲ ಮೂರು ರಾಜ್ಯ ದಾಟಿ ಹೋಗಿ ಗಂಡು ತಂದಿದ್ದೆ. ನಮ್ಮ ಹೆಣ್ಣಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ" ಎಂದ ಯಜಮಾನ. ಇದು ನಡೆದದ್ದು ಅಮೆರಿಕದಲ್ಲಿ, ನಾನು ಪಶುವೈದ್ಯನಾಗಿರುವ ಕಡೆ.

ಮಿನಿಯೇಚರ್ ಕುದುರೆ ಅಂದರೆ ಅಳತೆಯಲ್ಲಿ ಚಿಕ್ಕದಾದ, ಅಚ್ಚುಕಟ್ಟಾದ ಕುದುರೆ. ಅಲ್ಲಿನ ಒಂದು ಸಂಘದ ಎತ್ತರದ ಮಿತಿ 34 ಇಂಚು. ಕುಳ್ಳ ಮರಿಯ ಕಥೆ ಬೇರೆ. ಅದರ ಮೂಳೆ ಬೆಳೆಯುವುದೇ ಸರಿಯಿಲ್ಲ. ಎಸಿಎಎನ್ ಎಂಬ ಜೀನ್ ಮೃದ್ವಸ್ಥಿಗೆ, ಅಂದರೆ ಮೆದು ಎಲುಬಿಗೆ, ಬೇಕಾದ ಪ್ರೋಟೀನ್ ಮಾಡಿಸುತ್ತದೆ. ಅದರಲ್ಲಿ ಡಿ1ರಿಂದ ಡಿ4ರವರೆಗೆ ನಾಲ್ಕು ದೋಷಗಳು ಸಿಕ್ಕಿವೆ. ಒಂದೇ ಒಂದು ದೋಷ ಹೊತ್ತ ಕುದುರೆ ನೋಡಲು ಚೆನ್ನಾಗಿಯೇ ಇರುತ್ತದೆ. ಅಪ್ಪನಿಂದೊಂದು, ಅಮ್ಮನಿಂದೊಂದು ಬಂದರೆ ಮರಿ ಕುಳ್ಳ, ಇಲ್ಲವೇ ಗರ್ಭದಲ್ಲೇ ಹೋಗುತ್ತದೆ.

ಎಡವಟ್ಟು ಇಲ್ಲೇ. ಎರಡೂ ಒಂದೇ ನಂಬರಿನ ದೋಷ ಆಗಬೇಕಿಲ್ಲ. ಪರೀಕ್ಷೆ ಮಾಡಿಸಿದಾಗ ತಾಯಿಯಲ್ಲಿ ಡಿ2, ದೂರದ ಗಂಡಿನಲ್ಲಿ ಡಿ4 ಸಿಕ್ಕಿತು. ನಮ್ಮೂರಲ್ಲಿ 'ಸೋದರಿಕೆ ಬಿಟ್ಟು ಹೊರಗಿನ ಸಂಬಂಧ ನೋಡಿ' ಅಂತೀವಲ್ಲ, ಅದು ಒಳ್ಳೆಯ ಮಾತೇ. ಆದರೆ ಹೊರಗಿನವರೂ ಬೇರೊಂದು ದೋಷ ಹೊತ್ತಿರಬಹುದು.

ಹೊರ ರಕ್ತ ಬೇಡ ಅಂತಲ್ಲ. ಒಂದು ದೋಷ ಹೊತ್ತ ಹೆಣ್ಣನ್ನು ದೋಷವಿಲ್ಲದ ಗಂಡಿಗೆ ಕೊಡಿಸಿದರೆ ಈ ದೋಷಗಳಿಂದ ಕುಳ್ಳ ಮರಿ ಹುಟ್ಟುವುದಿಲ್ಲ. ಆದರೂ ಸರಾಸರಿ ಅರ್ಧ ಮರಿಗಳು ದೋಷ ಹೊತ್ತೇ ಬರುತ್ತವೆ. ಸುಮ್ನೆ ಹೊರ ತಳಿ ಸೇರಿಸಿದರೆ ಅದು ಅಡಗುತ್ತದೆ, ಹೋಗುವುದಿಲ್ಲ. ಹೊರಗಿನದು ಅಂತ ಶೆಟ್‌ಲ್ಯಾಂಡ್ ಎಂಬ ಕಿರು ಕುದುರೆ ತಳಿ ತಂದರೆ ಮರಿಯ ಎತ್ತರ ಮಿತಿ ದಾಟಬಹುದು. ಅವುಗಳಲ್ಲಿ ಇನ್ನೊಂದು ಮೂಳೆ ದೋಷವೂ ಇರಬಹುದು, ಅದರ ಪರೀಕ್ಷೆಯೇ ಬೇರೆ.

ಪರೀಕ್ಷೆ ಕಷ್ಟವಿಲ್ಲ. ಕತ್ತಿನ ಕೇಸರದ ಇಪ್ಪತ್ತು-ಮೂವತ್ತು ಕೂದಲು ಸಾಕು. ಕತ್ತರಿಸಬೇಡಿ, ಬುಡಸಮೇತ ಕೀಳಿ. ಡಿಎನ್‌ಎ ಸಿಗುವುದು ಬುಡದ ಆ ಬಿಳಿ ಗಂಟಿನಲ್ಲಿ.

'ದೋಷ ಇರೋ ಕುದುರೆಯಿಂದೆಲ್ಲ ಮರಿ ಮಾಡಿಸೋದು ಬಿಡಿ' ಎಂದು ನಾನು ಹೇಳುವುದಿಲ್ಲ. ಹಾಗೆ ಮಾಡಿದರೆ ತಳಿ ಇನ್ನೂ ಕಿರಿದಾಗಿ ಬೇರೆ ಕಾಯಿಲೆ ಮೇಲೇಳಬಹುದು. ಆ ಯಜಮಾನನ ಹೆಣ್ಣು ಕುದುರೆಯನ್ನು ಉಳಿಸಿಕೊಂಡೆವು. ಮುಂದಿನ ಸಲ ನಾಲ್ಕೂ ದೋಷ ಇಲ್ಲದ ಗಂಡು. ಕಾಲು ನೆಟ್ಟಗಿರುವ, ಕಪ್ಪು ಬಣ್ಣದ ಹೆಣ್ಣು ಮರಿ ಹುಟ್ಟಿತು. ಕೂದಲಿನ ವರದಿ ಬಂತು: ಒಂದು ಡಿ2 ಇದೆ. ಮಾರುವ ಮೊದಲು ಅದನ್ನು ಮರಿಯ ಕಾಗದದ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದೆ.