ತಿದ್ದುಪಡಿಗಳಲ್ಲಿ ಬೆಳೆಯುವ ಬೆಲೆ ನಿಯಂತ್ರಣ

ಬೆಲೆ ನಿಯಂತ್ರಣದ ಆದೇಶಗಳನ್ನು ಪರಿಶೀಲಿಸುವ ವೃತ್ತಿಯಲ್ಲಿರುವ ನಾನು ಮೂಲ ಆದೇಶಕ್ಕಿಂತ ಅದರ ತಿದ್ದುಪಡಿಗಳನ್ನೇ ಹೆಚ್ಚು ಗಮನವಿಟ್ಟು ಓದುತ್ತೇನೆ. ಮೂಲ ಆದೇಶ ಸಾಮಾನ್ಯವಾಗಿ ಚಿಕ್ಕದು: ಇಂಥ ಸರಕನ್ನು ಇಷ್ಟಕ್ಕಿಂತ ಹೆಚ್ಚಿಗೆ ಮಾರಕೂಡದು. ಮಾರುವವರು ತೂಕ ಇಳಿಸಿದಾಗ ತೂಕವನ್ನು ನಿಗದಿಪಡಿಸುವ ತಿದ್ದುಪಡಿ ಬರುತ್ತದೆ. ಗುಣಮಟ್ಟ ಕುಸಿದಾಗ ದರ್ಜೆಗಳ ಪಟ್ಟಿ ಸೇರುತ್ತದೆ. ಸರಕೇ ಮಾಯವಾದಾಗ ದಾಸ್ತಾನು ಮಿತಿ, ತಪಾಸಣೆ, ದಂಡ, ಕೊನೆಗೆ ಪಡಿತರ ಪದ್ಧತಿ. ಒಂದು ಹಸ್ತಕ್ಷೇಪ ಮತ್ತೊಂದಕ್ಕೆ ದಾರಿ ಮಾಡುತ್ತದೆ ಎಂಬ ಅರ್ಥಶಾಸ್ತ್ರಜ್ಞ ಲುಡ್ವಿಗ್ ಫಾನ್ ಮೀಸಸ್ ಅವರ ವಾದಕ್ಕೆ ಇಂಥ ಕಡತಗಳಿಗಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ.

ಅಮೆರಿಕದ ಉದಾಹರಣೆಯನ್ನು ಸ್ವಲ್ಪ ವಿವರವಾಗಿ ನೋಡಬಹುದು. 1971ರ ಆಗಸ್ಟ್ 15ರಂದು ಅಧ್ಯಕ್ಷ ನಿಕ್ಸನ್ 90 ದಿನಗಳ ಮಟ್ಟಿಗೆಂದು ಬೆಲೆ ಮತ್ತು ವೇತನಗಳನ್ನು ಸ್ಥಗಿತಗೊಳಿಸಿದರು. ಉಳಿದ ನಿಯಂತ್ರಣಗಳು 1974ರ ವೇಳೆಗೆ ಬಹುಪಾಲು ತೆರವಾದರೂ ತೈಲದ ಮೇಲಿನದು ಉಳಿಯಿತು. ಹಳೆಯ ಬಾವಿಗಳ ತೈಲಕ್ಕೆ ಒಂದು ದರ, ಹೊಸದಕ್ಕೆ ಬೇರೆ ದರ ಎಂದಾದ ಮೇಲೆ, ಅಗ್ಗದ ತೈಲ ಸಿಕ್ಕ ಸಂಸ್ಕರಣಾಗಾರಗಳಿಗೂ ಸಿಗದವಕ್ಕೂ ನಡುವಿನ ವ್ಯತ್ಯಾಸವನ್ನು ಸರಿದೂಗಿಸಲು ಇನ್ನೊಂದು ವ್ಯವಸ್ಥೆಯೇ ಬೇಕಾಯಿತು. 1973ರ ಅರಬ್ ತೈಲ ನಿರ್ಬಂಧ ಕೊರತೆಗೆ ಕಾರಣವಾಗಿದ್ದು ನಿಜ; ಅದನ್ನು ಪೆಟ್ರೋಲ್ ಬಂಕ್‌ಗಳ ಮುಂದಿನ ಉದ್ದನೆಯ ಸಾಲುಗಳಾಗಿ ಮಾಡಿದ್ದರಲ್ಲಿ ನಿಯಂತ್ರಣದ ಪಾಲು ದೊಡ್ಡದು. ಗ್ರಾಹಕ ಹೆಚ್ಚಿನ ಹಣ ತೆತ್ತರೆ ಅದು ಉತ್ಪಾದಕನಿಗೆ ತಲುಪಿ ಮುಂದಿನ ಪೂರೈಕೆಗೆ ಪ್ರೇರಣೆಯಾಗುತ್ತದೆ, ಆದರೆ ಅವನು ಸಾಲಿನಲ್ಲಿ ಕಳೆದ ಗಂಟೆಗಳು ಯಾರ ಕೈಗೂ ಸೇರದೆ ವ್ಯರ್ಥವಾಗುತ್ತವೆ.

ಇದಕ್ಕೆ ಅಧಿಕಾರಿಗಳ ಅಸಾಮರ್ಥ್ಯವನ್ನು ದೂರುವುದು ಸರಿಯಲ್ಲ; ನಾನು ಕಂಡವರಲ್ಲಿ ಬಹುತೇಕರು ಚುರುಕಿನವರೇ. ಅರ್ಥಶಾಸ್ತ್ರಜ್ಞ ಫ್ರೆಡ್ರಿಕ್ ಹಾಯೆಕ್ 1945ರಲ್ಲಿ ವಾದಿಸಿದಂತೆ, ಯಾರಿಗೆ ಏನು ಎಷ್ಟು ತುರ್ತಾಗಿ ಬೇಕು, ಯಾರು ಯಾವುದನ್ನು ಬಿಟ್ಟಿರಬಲ್ಲರು ಎಂಬ ತಿಳಿವಳಿಕೆ ಅಸಂಖ್ಯ ಜನರಲ್ಲಿ ಚದುರಿಹೋಗಿದ್ದು, ಯಾವ ಕಚೇರಿಯೂ ಅದನ್ನು ಪೂರ್ತಿಯಾಗಿ ಒಂದೆಡೆ ಸೇರಿಸಲಾರದು. ಬೆಲೆ ಆ ತಿಳಿವಳಿಕೆಯನ್ನು ದಾಟಿಸುವ ಸಾಧನ.

ನಿಯಂತ್ರಣ ತೆಗೆದರೆ ಎಲ್ಲವೂ ಒಮ್ಮೆಗೇ ನೆಟ್ಟಗಾಗುತ್ತದೆ ಎಂಬ, ಮುಕ್ತ ಮಾರುಕಟ್ಟೆಯ ಪರವಾಗಿರುವ ನಮ್ಮವರ ಉತ್ಸಾಹವನ್ನು ಮಾತ್ರ ನಾನು ಒಪ್ಪುವುದಿಲ್ಲ. 1948ರ ಜೂನ್‌ನಲ್ಲಿ ಜರ್ಮನಿಯ ಪಶ್ಚಿಮ ಭಾಗದಲ್ಲಿ ಹೊಸ ಕರೆನ್ಸಿಯ ಜೊತೆಗೇ ಅಲ್ಲಿನ ಆರ್ಥಿಕ ಆಡಳಿತದ ಮುಖ್ಯಸ್ಥ ಲುಡ್ವಿಗ್ ಎರ್ಹಾರ್ಡ್ ಅನೇಕ ಸರಕುಗಳ ನಿಯಂತ್ರಣ ತೆಗೆದಾಗ ಬಚ್ಚಿಟ್ಟಿದ್ದ ಸರಕು ಅಂಗಡಿಗಳಿಗೆ ಬಂತು. ಬೆಲೆಗಳೂ ಏರಿ, ನವೆಂಬರ್‌ನಲ್ಲಿ ಸಾರ್ವತ್ರಿಕ ಮುಷ್ಕರ ನಡೆಯಿತು. ಅಂಥ ತಿಂಗಳುಗಳಲ್ಲಿ ಬಡವರ ಕೈಗೆ ನೇರವಾಗಿ ಹಣ ಕೊಡುವುದನ್ನು ನಾನು ಸಮರ್ಥಿಸುತ್ತೇನೆ, ಏಕೆಂದರೆ ಅದರಿಂದ ಅವರ ಕೊಳ್ಳುವ ಶಕ್ತಿ ಹೆಚ್ಚುತ್ತದೆ, ಬೆಲೆ ಕೊಡುವ ಸೂಚನೆಯೂ ಅಳಿಯುವುದಿಲ್ಲ. ಕಾರ್ಖಾನೆಯ ಹೊಗೆಯಂತೆ ಬೆಲೆಯೊಳಗೆ ಸೇರದ ಹಾನಿಗಳ ವಿಷಯದಲ್ಲಿ ಸರ್ಕಾರ ಕೈಹಾಕುವುದೂ ನ್ಯಾಯವೇ. ಉಳಿದಂತೆ, ತಾತ್ಕಾಲಿಕವೆನ್ನುವ ಕರಡು ನನ್ನ ಮುಂದೆ ಬಂದರೆ ನಾನು ಮೊದಲು ಹುಡುಕುವುದು ಅದು ತಾನಾಗಿ ರದ್ದಾಗುವ ದಿನಾಂಕವನ್ನು. ಅಮೆರಿಕದಲ್ಲಿ ತೈಲದ ಮೇಲಿನ ನಿಯಂತ್ರಣ ಪೂರ್ತಿಯಾಗಿ ಕೊನೆಗೊಂಡಿದ್ದು 1981ರ ಜನವರಿಯಲ್ಲಿ.