ಮುದ್ದೆ ಬಿಟ್ಟು ಬರ್ಪಿ ಹೊಡೆಯಬಹುದಾ?

ಪ್ರಶ್ನೆ: ಹಾಸನದಲ್ಲಿ ಬೆಳಗ್ಗೆ 6ಕ್ಕೆ ಎಚ್‌ಐಐಟಿ (ಸ್ವಲ್ಪ ಹೊತ್ತು ಜೋರು ಕಸರತ್ತು, ನಡುನಡುವೆ ಚಿಕ್ಕ ಬಿಡುವು) ಕ್ಲಾಸಿಗೆ ಹೋಗುತ್ತೇನೆ. ತೂಕ 60 ಕೆ.ಜಿ. ಕಾರ್ಬ್ಸ್ ಬಿಡಿ ಅಂದರು, ಅನ್ನ, ಮುದ್ದೆ ಎರಡೂ ಬಿಟ್ಟೆ. ರಾತ್ರಿ ಮೊಟ್ಟೆ, ಚಿಕನ್ ಅಷ್ಟೇ. ಈಗ ಹತ್ತೇ ನಿಮಿಷಕ್ಕೆ ಕಾಲು ಸೋಲುತ್ತದೆ. ಮುದ್ದೆ ಮತ್ತೆ ಶುರು ಮಾಡಲಾ?

ಉತ್ತರ: ಮಾಡಿ. ಇವತ್ತು ರಾತ್ರಿಯೇ.

ಸುಮ್ನೆ ನಡೆಯುವಾಗ ದೇಹ ಬಹುಪಾಲು ಕೊಬ್ಬಿನ ಮೇಲೆ ಓಡುತ್ತದೆ. ಆದರೆ ಏದುಸಿರು ಬಿಡುತ್ತಾ ಬರ್ಪಿ (ನೆಲಕ್ಕೆ ಕೈಯೂರಿ ಕಾಲು ಹಿಂದಕ್ಕೆ ಚಾಚಿ, ಮತ್ತೆ ಎದ್ದು ನೆಗೆಯುವ ಕಸರತ್ತು) ಹೊಡೆಯುವಾಗ ಕೊಬ್ಬು ಅಷ್ಟು ಬೇಗ ಶಕ್ತಿ ಕೊಡಲಾರದು. ಆಗ ಬೇಕಾಗುವುದು ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್, ಅಂದರೆ ದೇಹದ ಸಕ್ಕರೆ ದಾಸ್ತಾನು. ಅದು ತಯಾರಾಗುವುದು ಮುದ್ದೆ, ಅನ್ನ, ಅಕ್ಕಿರೊಟ್ಟಿ, ಆಲೂಗಡ್ಡೆಯಿಂದ. ನಿದ್ದೆಯಲ್ಲಿ ಲಿವರ್‌ನ ಗ್ಲೈಕೋಜನ್ ಕರಗುತ್ತದೆ, ಸ್ನಾಯುವಿನದು ಹೆಚ್ಚುಕಮ್ಮಿ ಹಾಗೇ ಇರುತ್ತದೆ. ಹಾಗಾಗಿ ಬೆಳಗಿನ ಕ್ಲಾಸಿಗೆ ಬಲ ಬರುವುದು ಹಿಂದಿನ ದಿನದ ಊಟದಿಂದ. ಆಲೂಗಡ್ಡೆ ಬೆಳೆಯುವ ಜಿಲ್ಲೆಯಲ್ಲಿ ಕೂತು ಆಲೂಗಡ್ಡೆಗೂ ಹೆದರುವ ಕಾಲ ಬಂತಲ್ಲ ಅಂತ ನನಗೆ ಬೇಜಾರು.

'ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ' ಅನ್ನುವುದು ಸರಿ, ಆದರೆ ಹಿಟ್ಟು ತಿಂದ ಕೂಡಲೇ ಬೆಟ್ಟ ಕೀಳಲು ಹೋಗಬೇಡಿ. ಒಮ್ಮೆ ನಾನು ಹೊಟ್ಟೆ ಬಿರಿಯ ಕಡುಬು ತಿಂದು ಮುಳ್ಳಯ್ಯನಗಿರಿಯ ಸರ್ಪದಾರಿ ಹತ್ತಿದ್ದೆ. ಹತ್ತಿದ್ದೆ ಅಂದರೆ, ಅರ್ಧದಲ್ಲೇ ಕಲ್ಲಿನ ಮೇಲೆ ಕೂತಿದ್ದೆ. ಕ್ಲಾಸಿಗೆ ಮುಂಚೆ ಎರಡು ಏಲಕ್ಕಿ ಬಾಳೆಹಣ್ಣು ಸಾಕು.

ಇನ್ನು ಪ್ರೋಟೀನ್. ಕಸರತ್ತು ಮಾಡುವವರಿಗೆ ದಿನಕ್ಕೆ ಕೆ.ಜಿ. ತೂಕಕ್ಕೆ 1.4ರಿಂದ 2 ಗ್ರಾಂ ಅನ್ನುವುದು ಸಾಮಾನ್ಯ ಲೆಕ್ಕ. ನಿಮಗೆ 84ರಿಂದ 120 ಗ್ರಾಂ ಆಯಿತು. ನೂರು ಗ್ರಾಂ ರಾಗಿಹಿಟ್ಟಿನ ಮುದ್ದೆಯಲ್ಲಿ ಸಿಗುವುದು ಸುಮಾರು 7 ಗ್ರಾಂ ಮಾತ್ರ, ಅದನ್ನೇ ನಂಬಬೇಡಿ. ಐವತ್ತು ಗ್ರಾಂ ಹುರುಳಿಕಾಳಿನಲ್ಲಿ 11, ಒಂದು ಮೊಟ್ಟೆಯಲ್ಲಿ 6, ಅರ್ಧ ಲೀಟರ್ ಹಾಲಿನಲ್ಲಿ 16. ಉಳಿದದ್ದು ಚಿಕನ್, ಮೀನಿನಿಂದ ಬರಲಿ. ಇಲ್ಲೊಂದು ಎಡವಟ್ಟು ಎಲ್ಲರ ಮನೆಯಲ್ಲೂ ನಡೆಯುತ್ತದೆ. ಬಸ್ಸಾರು ಮಾಡುತ್ತೇವೆ, ಕಾಳು ಬಸಿದ ಕಟ್ಟಿನಲ್ಲಿ ಮಾಡಿದ ಸಾರನ್ನು ಮುದ್ದೆಗೆ ಸುರಿದುಕೊಳ್ಳುತ್ತೇವೆ, ಕಾಳಿನ ಪಲ್ಯವನ್ನು ಚೂರೇ ಚೂರು ಬಡಿಸಿಕೊಳ್ಳುತ್ತೇವೆ. ಪ್ರೋಟೀನ್ ಬಹುಪಾಲು ಉಳಿದಿರುವುದು ಆ ಪಲ್ಯದಲ್ಲೇ! ಎರಡು ಸೌಟು ಜಾಸ್ತಿ ಹಾಕಿಸಿಕೊಳ್ಳಿ.

ಕ್ಲಾಸ್ ಮುಗಿದ ಮೇಲೆ ಒಂದೆರಡು ಗಂಟೆಯೊಳಗೆ ತಿಂಡಿ ಆಗಲಿ. ಅಕ್ಕಿರೊಟ್ಟಿ ಜೊತೆ ಮೊಟ್ಟೆ ಪಲ್ಯ ಚೆನ್ನಾಗಿ ಹೊಂದುತ್ತದೆ. ಬೆವರು ಜಾಸ್ತಿ ಹರಿದಿದ್ದರೆ ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ. ಸಕ್ಕರೆ ಕಾಯಿಲೆಯೋ ಕಿಡ್ನಿ ತೊಂದರೆಯೋ ಇದ್ದರೆ ಮೊದಲು ಡಾಕ್ಟರನ್ನು ಕೇಳಿ.

ಕಾಫಿ ನಾಡಿನ ಮಗ್ಗುಲಲ್ಲೇ ಇದ್ದೀರಿ, ಅದನ್ನು ನೀವು ಕೇಳದಿದ್ದರೂ ಹೇಳಿಬಿಡುತ್ತೇನೆ. ಕ್ಲಾಸಿಗೆ ಮುಕ್ಕಾಲು ಗಂಟೆ ಮುಂಚೆ ಒಂದು ಲೋಟ ಕುಡಿದರೆ ಕೆಫೀನ್ ನಿಜಕ್ಕೂ ಹುಮ್ಮಸ್ಸು ಕೊಡುತ್ತದೆ. ಆದರೆ ಪುಡಿಯ ಪೊಟ್ಟಣ ತಿರುಗಿಸಿ ಓದಿ: ಚಿಕೋರಿ 49%ವರೆಗೂ ಇರಬಹುದು, ಚಿಕೋರಿಯಲ್ಲಿ ಕೆಫೀನ್ ಇಲ್ಲ. ಮುದ್ದೆ ಊಟದ ಜೊತೆಗಂತೂ ಕಾಫಿ ಬೇಡ. ಸೊಪ್ಪು, ಕಾಳಿನಲ್ಲಿರುವ ಕಬ್ಬಿಣ ಮೈಗೆ ಹತ್ತುವುದನ್ನು ಅದು ತಡೆಯುತ್ತದೆ. ಒಂದು ಗಂಟೆ ಬಿಟ್ಟು ಕುಡಿಯಿರಿ, ಊಟಕ್ಕೆ ನಿಂಬೆಹುಳಿ ಹಿಂಡಿಕೊಳ್ಳಿ.